ಓಡಿಸಿ ನೋಡಿ ಶೂ ಕೊಡುವ ಜಯನಗರದ ಅಂಗಡಿ

ಓಡುವ ಮಕ್ಕಳಿಗೆ ಶೂ ತೆಗೆದುಕೊಳ್ಳಬೇಕು ಅನ್ನುವವರು ಜಯನಗರ 4ನೇ ಬ್ಲಾಕ್‌ನ ಈ ಅಂಗಡಿಗೆ ಖಂಡಿತ ಹೋಗಿ. ಬೇರೆ ಕಡೆ ಏನು ಮಾಡುತ್ತಾರೆ? ಹೆಬ್ಬೆರಳ ಮುಂದೆ ಒತ್ತಿ ನೋಡಿ, "ಬೆಳೆಯೋ ಮಗು, ಸ್ವಲ್ಪ ದೊಡ್ಡದೇ ತಗೊಳ್ಳಿ" ಅಂದು ಬಿಲ್ ಹಾಕಿಬಿಡುತ್ತಾರೆ, ಅಲ್ವಾ? ಇಲ್ಲಿ ಮಗುವನ್ನು ಓಡಿಸಿ ನೋಡುತ್ತಾರೆ.

ನನ್ನ ಮಗಳಿಗೆ 14 ವರ್ಷ, 1500 ಮೀಟರ್ ಓಡುತ್ತಾಳೆ. ಅಭ್ಯಾಸ ಕಂಠೀರವದ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ, ಭಾನುವಾರ ಕಬ್ಬನ್ ಪಾರ್ಕ್. ಅಂಗಡಿಯ ಹುಡುಗ ಅವಳನ್ನು ಟ್ರೆಡ್‌ಮಿಲ್ ಮೇಲೆ ಮೊದಲು ದಪ್ಪ ಹಿಮ್ಮಡಿಯ ಟ್ರೈನರ್ ಶೂನಲ್ಲಿ, ಆಮೇಲೆ ತೆಳು ಅಟ್ಟೆಯ ಫ್ಲಾಟ್ಸ್ ಶೂನಲ್ಲಿ, ಕೊನೆಗೆ ಬರಿಗಾಲಲ್ಲಿ ಓಡಿಸಿ, ಪಕ್ಕದಿಂದ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ನಮ್ಮಿಬ್ಬರಿಗೂ ತೋರಿಸಿದ. ವ್ಯತ್ಯಾಸ ಎದ್ದು ಕಾಣುತ್ತಿತ್ತು. ಟ್ರೈನರ್‌ನಲ್ಲಿ ಹಿಮ್ಮಡಿ ಮೊದಲು ನೆಲಕ್ಕೆ ಬೀಳುತ್ತಿತ್ತು. ಉಳಿದೆರಡರಲ್ಲಿ ಪಾದದ ಮುಂಭಾಗ. ಅದೇ ಹುಡುಗಿ, ಅದೇ ವೇಗ!

ಅವಳೊಬ್ಬಳದ್ದೇ ಹೀಗಲ್ಲ. ಹದಿಹರೆಯದ ಓಟಗಾರರ ಮೇಲೆ ಅಮೆರಿಕದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲೂ ಇದೇ ಕಂಡಿತ್ತು. ದಪ್ಪ ಹಿಮ್ಮಡಿಯ ಶೂ ಹಾಕಿದಾಗ ಸುಮಾರು ಶೇ 70ರಷ್ಟು ಹೆಜ್ಜೆಗಳಲ್ಲಿ ಹಿಮ್ಮಡಿಯೇ ಮೊದಲು. ಫ್ಲಾಟ್ಸ್‌ನಲ್ಲಿ ಶೇ 35ಕ್ಕಿಂತ ಕಡಿಮೆ, ಬರಿಗಾಲಲ್ಲಿ ಇನ್ನೂ ಕಡಿಮೆ. ಟ್ರೈನರ್‌ಗಳಲ್ಲಿ ಹಿಮ್ಮಡಿ ಕಡೆಯ ಅಟ್ಟೆ ಬೆರಳ ಕಡೆಗಿಂತ 10-12 ಮಿಲಿಮೀಟರ್ ಎತ್ತರ ಇರುವುದು ಸಾಮಾನ್ಯ, ಜೊತೆಗೆ ಕುಶನ್ ಇರುವುದರಿಂದ ಹಿಮ್ಮಡಿ ಬಡಿದರೂ ಮಗುವಿಗೆ ಗೊತ್ತೇ ಆಗುವುದಿಲ್ಲ.

ಹಾಗಂತ ಫ್ಲಾಟ್ಸೇ ಒಳ್ಳೆಯದು ಅಂತ ಸುಮ್ನೆ ಹಾರಿಬಿಡಬೇಡಿ. ಮುಂಗಾಲಲ್ಲಿ ಇಳಿದರೆ ಮಂಡಿಗೆ ಭಾರ ಕಡಿಮೆಯಾಗುತ್ತದೆ, ನಿಜ. ಆದರೆ ಆ ಕೆಲಸ ಮೀನಖಂಡಕ್ಕೂ ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜಿಗೂ ಬೀಳುತ್ತದೆ. ಆ ರಜ್ಜು ಎಳೆಯುವ ಜಾಗದಲ್ಲೇ ಹಿಮ್ಮಡಿ ಮೂಳೆಯ ಬೆಳೆಯುವ ಪದರ ಇರುವುದು, ಎಷ್ಟೋ ಮಕ್ಕಳಲ್ಲಿ ಈ ವಯಸ್ಸಿಗೆ ಅದು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಸೆವರ್ಸ್ ಅನ್ನುವ ಹಿಮ್ಮಡಿ ನೋವು ಬರುವುದೂ ಅಲ್ಲೇ. ನಾನು ಕೇಳುವ ಮೊದಲೇ ಅಂಗಡಿಯವರು ಹೇಳಿದರು: "ಫ್ಲಾಟ್ಸ್ ಬೇಕಂದ್ರೆ ಕೊಡ್ತೀನಿ ಮೇಡಂ, ಆದ್ರೆ ಶುರುವಿಗೆ ವಾರಕ್ಕೆ ಒಂದೆರಡು ಸಲ, ಸ್ವಲ್ಪ ಹೊತ್ತು ಮಾತ್ರ. ಕೋಚ್‌ನೂ ಒಂದ್ ಮಾತು ಕೇಳಿ." ಮಾರುವವರ ಬಾಯಿಂದ ಇಂಥ ಮಾತು ಬಂದದ್ದು ನನಗೆ ತುಂಬಾ ಹಿಡಿಸಿತು.

ನಾವು ತಂದದ್ದು ದಿನದ ಓಟಕ್ಕೆ ಹಗುರವಾದ, ಕುಶನ್ ಜಾಸ್ತಿ ಇಲ್ಲದ ಒಂದು ಜೋಡಿ. ಅವಳಿಗೆ ಇಷ್ಟವಾಗಿದೆ, ಕಾಲು ನೋವು ಅಂದಿಲ್ಲ.

ಟ್ರೆಡ್‌ಮಿಲ್ ಒಂದೇ ಇದೆ, ಶನಿವಾರ ಸಂಜೆ ಹೋದರೆ ಕಾಯಬೇಕು. ಪಾರ್ಕಿಂಗ್ ಕಷ್ಟ, ಮೆಟ್ರೋದಲ್ಲೇ ಬನ್ನಿ. ದೊಡ್ಡ ಕೊರತೆ ಅಂದರೆ ಫ್ಲಾಟ್ಸ್‌ನಲ್ಲಿ ಚಿಕ್ಕ ಸೈಜುಗಳು ಇಲ್ಲವೇ ಇಲ್ಲ ಅನ್ನಬಹುದು, ಅಗಲ ಪಾದದ ಮಕ್ಕಳಿಗಂತೂ ಆಯ್ಕೆಯೇ ಇಲ್ಲ. ಇಷ್ಟು ಚೆನ್ನಾಗಿ ನೋಡಿ ಹೇಳುವವರು ಆ ಸೈಜುಗಳನ್ನೂ ದಯವಿಟ್ಟು ತರಿಸಿಡಿ.