‘ಕಾನ್ಸೆಪ್ಟ್‌ಗೆ ಪೂರ್ತಿ ಹೊಂದಿದ ಮೇಲೆ’ ಅಂತ ಬರೆದಿದ್ದರೆ ಸಹಿ ಹಾಕಬೇಡಿ

ಫ್ರೀಲ್ಯಾನ್ಸ್ ಆಗಿ ಕ್ಯಾರೆಕ್ಟರ್ ಸ್ಕಲ್ಪ್ಟ್ ಮಾಡುವವರು, ಅಂದರೆ ಚಿತ್ರದಲ್ಲಿರುವ ಪಾತ್ರವನ್ನು ಕಂಪ್ಯೂಟರ್‌ನಲ್ಲಿ 3ಡಿ ಮಾಡೆಲ್ ಆಗಿ ಕಡೆಯುವವರು, ದಯವಿಟ್ಟು ಇದನ್ನು ಓದಿ. ಬಂದಿರುವುದು ಮಗುವಿನ ಪಾತ್ರವಾದರೆ ಎರಡು ಸಲ ಓದಿ.

ಒಂದು ಆನಿಮೇಷನ್ ತಂಡ ನನಗೆ ಕೆಲಸ ಕೊಟ್ಟಿತು. ಹೆಸರು ಬೇಡ. 7 ವರ್ಷದ ಹುಡುಗಿ, ಹಳದಿ ರೇನ್‌ಕೋಟ್, ಎರಡು ಜಡೆ, ಹೆಗಲಿಗೊಂದು ಚೀಲ. ಕಾನ್ಸೆಪ್ಟ್, ಅಂದರೆ ನೋಡಿ ಮಾಡಬೇಕಾದ ಮಾದರಿ ಚಿತ್ರ, ಯಾರಿಗಾದರೂ ಇಷ್ಟವಾಗುವಂತಿತ್ತು. ಜೊತೆಗೆ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಕಾಣುವ ಟರ್ನ್‌ಅರೌಂಡ್ ಶೀಟ್ ಬೇರೆ. ಒಪ್ಪಂದದಲ್ಲಿ ಒಂದು ಸಾಲಿತ್ತು: ‘ಮಾಡೆಲ್ ಕಾನ್ಸೆಪ್ಟ್‌ಗೆ ಪೂರ್ತಿ ಹೊಂದಿದ ಮೇಲೆ ಬಾಕಿ ಹಣ.’ ಇಂಥ ಸಾಲು ಎಷ್ಟೋ ಒಪ್ಪಂದಗಳಲ್ಲಿ ಇರುತ್ತದೆ, ಅಲ್ವಾ?

ಶೀಟನ್ನು ಸ್ಕಲ್ಪ್ಟ್ ಮಾಡುವ ಸಾಫ್ಟ್‌ವೇರ್ ಝಡ್‌ಬ್ರಷ್‌ಗೆ ತಂದು, ನೋಟಗಳನ್ನು ಅಕ್ಕಪಕ್ಕ ಇಟ್ಟು ಅಡ್ಡಗೆರೆ ಎಳೆದಾಗ ಬಣ್ಣ ಬಯಲಾಯಿತು. ಮುಂದಿನ ನೋಟದಲ್ಲಿ ಕಿವಿ ಹುಬ್ಬಿನಿಂದ ಮೂಗಿನ ಬುಡದವರೆಗೆ ಇದೆ, ಸರಿ. ಪಕ್ಕದ ನೋಟದಲ್ಲಿ ಅದೇ ಕಿವಿ ಹಣೆಯ ಮಟ್ಟಕ್ಕೆ ಏರಿ ಕೂತಿದೆ. ಮುಂದಿನಿಂದ ಗದ್ದ ಇದ್ದೂ ಇಲ್ಲದಂತೆ, ಪಕ್ಕದಿಂದ ಚೂಪಾಗಿ ಮುಂದಕ್ಕೆ ಚಾಚಿದೆ. ಚೀಲದ ಪಟ್ಟಿ ಮುಂದೆ ಬಲ ಹೆಗಲಲ್ಲಿ, ಹಿಂದೆ ಎಡ ಹೆಗಲಲ್ಲಿ. ಹಿಂದಿನ ನೋಟದಲ್ಲಂತೂ ಜಡೆ ಒಂದೇ! ಕಲಾವಿದರು ಬರೆದ ಶೀಟಿನಲ್ಲೂ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಕೇಳಿದರೆ ತಿದ್ದಿ ಕೊಡುತ್ತಾರೆ. ಇಲ್ಲಿ ಕೇಳೋಣ ಅಂದರೆ ಬರೆದವರೇ ಇಲ್ಲ. ಎಐಯಿಂದ ತೆಗೆಸಿದ ಚಿತ್ರ. ಅದನ್ನು ಅವರು ಬಾಯಿ ಬಿಟ್ಟು ಹೇಳಿದ್ದು ತುಂಬಾ ತಡವಾಗಿ.

ಗೆರೆ ಎಳೆದ ಚಿತ್ರವನ್ನು ಆಗಲೇ ಮೇಲ್ ಮಾಡಿ, ಯಾವ ನೋಟ ಅಂತಿಮ ಅಂತ ಕೇಳಿದೆ. ‘ನೀವು ಅನುಭವ ಇರೋರು, ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತ ಉತ್ತರ ಬಂತು.

ದೊಡ್ಡವರ ಪಾತ್ರವಾಗಿದ್ದರೆ ಹೇಗೋ ತೂಗಿಸಿಕೊಂಡು ಹೋಗಬಹುದು. ಕೆನ್ನೆಯ ಮೂಳೆ, ದವಡೆ, ಸುಕ್ಕು, ಗಡ್ಡ, ಏನಾದರೂ ಕೈ ಹಿಡಿಯುತ್ತದೆ. ಮಗುವಿನ ಮುಖದಲ್ಲಿ ಬಚ್ಚಿಡಲು ಜಾಗವೇ ಇಲ್ಲ. ದೊಡ್ಡವರ ಎತ್ತರ ಸುಮಾರು ಏಳೂವರೆ ತಲೆಯಷ್ಟಾದರೆ, ಈ ವಯಸ್ಸಿನ ಮಗುವಿನದು 6 ತಲೆಯ ಆಸುಪಾಸು. ಬುರುಡೆ ದೊಡ್ಡದು, ಮುಖ ಚಿಕ್ಕದು. ದೊಡ್ಡವರಲ್ಲಿ ಕಣ್ಣು ತಲೆಯ ನಡುಮಟ್ಟದಲ್ಲಿದ್ದರೆ ಮಕ್ಕಳಲ್ಲಿ ಅದಕ್ಕಿಂತ ಕೆಳಗೆ. ಕೆಳದವಡೆ ಬೆಳೆಯುವುದು ನಿಧಾನ, ಅದಕ್ಕೇ ಗದ್ದ ಹಿಂದೆ ಸರಿದಂತೆ ಕಾಣುತ್ತದೆ. ಮೂಗಿನ ಸೇತುವೆಯನ್ನು ಒಂಚೂರು ಎತ್ತಿ, ಮೂಗಿನ ಪಕ್ಕದಿಂದ ಬಾಯಿಯ ಕಡೆ ಇಳಿಯುವ ಮಡಿಕೆಯನ್ನು ಸ್ವಲ್ಪ ಆಳ ಮಾಡಿ ನೋಡಿ. ಹುಡುಗಿ ಹೋಗಿ ಕುಳ್ಳಗಿನ ಹೆಂಗಸು ಕಾಣಿಸುತ್ತಾಳೆ. ಆ ಪಕ್ಕದ ನೋಟದ ಗದ್ದವನ್ನು ಹಾಗೇ ಇಟ್ಟರೆ ಆಗುವುದೂ ಅದೇ.

ನಾನು ಮುಂದಿನ ನೋಟವನ್ನು ಹಿಡಿದು, ಉಳಿದದ್ದನ್ನು ಅಂಗರಚನೆಗೆ ತಕ್ಕಂತೆ ಮಾಡಿದೆ. ಬ್ಲಾಕ್‌ಔಟ್, ಅಂದರೆ ಮೊದಲ ಒರಟು ಆಕಾರ, ಒಪ್ಪಿದರು, ಅದೂ ಮೇಲ್‌ನಲ್ಲಿ. ಸೂಕ್ಷ್ಮ ಕೆಲಸವೆಲ್ಲ ಮುಗಿದ ಮೇಲೆ ಆಟ ಶುರು. ನನ್ನ ರೆಂಡರ್ (ಮಾಡೆಲ್‌ನಿಂದ ತೆಗೆದ ಚಿತ್ರ) ಮೇಲೆ ಅವರ ಚಿತ್ರವನ್ನು ಅರೆಪಾರದರ್ಶಕವಾಗಿ ಹಾಕಿ, ಹೊಂದದ ಕಡೆಯೆಲ್ಲ ಕೆಂಪು ಸುತ್ತು ಹಾಕಿ ಕಳಿಸುವುದು. ಪಕ್ಕಕ್ಕೆ ಹೊಂದಿಸಿದರೆ ಮುಂದೆ ಕೆಡುತ್ತದೆ, ಮುಂದೆ ಸರಿ ಮಾಡಿದರೆ ಪಕ್ಕದಲ್ಲಿ ಕೆಂಪು ಸುತ್ತು. ಒಮ್ಮೆ ಸಾಫ್ಟ್‌ವೇರ್ ಒಳಗಿನ ವೈಡ್ (ಅಗಲ ನೋಟದ) ಕ್ಯಾಮೆರಾವನ್ನು ಮುಖದ ಹತ್ತಿರವೇ ಇಟ್ಟು, ‘ಮೂಗು ದಪ್ಪ ಆಗಿದೆ, ಕಿವಿ ಕಾಣ್ತಿಲ್ಲ’ ಅಂದರು. ಅಷ್ಟು ಹತ್ತಿರದಿಂದ ನೋಡಿದರೆ ಯಾರ ಮೂಗಾದರೂ ದಪ್ಪವೇ. ಪೋರ್ಟ್ರೇಟ್‌ಗೆ ಬಳಸುವ 85 ಮಿ.ಮೀ. ಲೆನ್ಸ್‌ಗೆ ಬದಲಾಯಿಸಿ ಕ್ಯಾಮೆರಾ ದೂರ ಸರಿಸಿದರೆ ಎಲ್ಲ ಸರಿ ಕಾಣುತ್ತಿತ್ತು. ತೋರಿಸಿದೆ. ನೋಡಿದರೋ ಇಲ್ಲವೋ.

ಕೊನೆಗೆ ನಾನೇ ಕೆಲಸ ನಿಲ್ಲಿಸಿದೆ. ಅಡ್ವಾನ್ಸ್ ಬಿಟ್ಟು ಬಿಡಿಗಾಸೂ ಬರಲಿಲ್ಲ. ಬಾಕಿ ಕೇಳಿದಾಗಲೆಲ್ಲ ಅದೇ ಸಾಲನ್ನು ಮುಂದೆ ಹಿಡಿದರು: ‘ಇನ್ನೂ ಹೊಂದಿಲ್ಲವಲ್ಲ.’ ತನಗೆ ತಾನೇ ಹೊಂದದ ಚಿತ್ರಕ್ಕೆ ಯಾವ ಮಾಡೆಲ್ ಹೊಂದೀತು?

ಹಾಗಾಗಿ ಆ ಸಾಲನ್ನು ತೆಗೆಸಿ. ಅದರ ಬದಲು ಬ್ಲಾಕ್‌ಔಟ್ ಒಪ್ಪಿದಾಗ ಇಷ್ಟು, ಸ್ಕಲ್ಪ್ಟ್ ಮುಗಿದಾಗ ಇಷ್ಟು, ತಿದ್ದುಪಡಿ ಇಷ್ಟು ಸಲ, ಅದಕ್ಕಿಂತ ಹೆಚ್ಚಾದರೆ ಬೇರೆ ಹಣ ಅಂತ ಬರೆಸಿ. ನೋಟಗಳ ನಡುವೆ ಜಗಳ ಬಂದರೆ ಯಾವುದು ಅಂತಿಮ ಅನ್ನುವುದೂ ಕಾಗದದ ಮೇಲೆ ಇರಲಿ. ಎಐ ಚಿತ್ರ ಅಂದರೆ ಕೆಲಸವನ್ನೇ ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ತಿದ್ದಿ ಸರಿಯಾದ ಶೀಟ್ ಮಾಡುವುದೇ ಒಂದು ಬೇರೆ ಕೆಲಸ, ಅದಕ್ಕೆ ಬೇರೆ ಕೂಲಿ.

ಇದನ್ನು ಈಗ ಬರೆಯಲು ಕಾರಣವಿದೆ. ಅದೇ ಹಳದಿ ರೇನ್‌ಕೋಟ್ ಹುಡುಗಿಯ ಶೀಟ್ ಮೊನ್ನೆ ಗೆಳೆಯನೊಬ್ಬನ ಇನ್‌ಬಾಕ್ಸ್‌ಗೂ ಬಂದಿದೆ. ಜಡೆ ಈಗಲೂ ಹಿಂದಿನಿಂದ ಒಂದೇ. ನಿಮಗೂ ಬಂದರೆ ಮೊದಲು ಚಿತ್ರ ಬರೆದವರು ಯಾರು ಅಂತ ಕೇಳಿ, ಲೇಯರ್ (ಬರೆಯುವಾಗಿನ ಬೇರೆ ಬೇರೆ ಪದರ) ಇರುವ ಮೂಲ ಫೈಲ್ ಕಳಿಸಿ ಅನ್ನಿ.