ಕ್ಯಾಂಪರ್ ವ್ಯಾನ್‌ನಲ್ಲಿ ಮಕ್ಕಳನ್ನು ಮಲಗಿಸುವ ಮೊದಲು ಜನರೇಟರ್ ಎಲ್ಲಿದೆ ನೋಡಿ

ಪುಣೆ, ಮುಂಬೈ ಕಡೆ ಇರುವ, ಮನೆಯಲ್ಲಿ ಚಿಕ್ಕ ಮಕ್ಕಳಿರುವ ಎಲ್ಲರೂ ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಡಿಸೆಂಬರ್‌ನಲ್ಲಿ ಪವನಾ ಕೆರೆಯ ದಡದಲ್ಲಿ ನಮ್ಮ ಇಬ್ಬರು ಮಕ್ಕಳು ಇನ್ನೇನು ನಮ್ಮ ಕೈತಪ್ಪಿ ಹೋಗುವುದರಲ್ಲಿದ್ದರು. ಗಾಡಿ ಉರುಳಲಿಲ್ಲ, ಬೆಂಕಿ ಬೀಳಲಿಲ್ಲ. ಬಾಡಿಗೆಯ ಕ್ಯಾಂಪರ್ ವ್ಯಾನ್‌ನಲ್ಲಿ ಮಲಗಿದ್ದೆವು, ಅಷ್ಟೇ.

ನಾವು ಪುಣೆಯ ವಾಕಡ್‌ನಲ್ಲಿ ಇರುತ್ತೇವೆ. ಮಗಳಿಗೆ ಆರು ವರ್ಷ, ಮಗನಿಗೆ ಎರಡೂವರೆ. ಧಾರವಾಡದಿಂದ ಅತ್ತೆಯವರು ಬಂದಿದ್ದರು. ಅವರಿಗೆ ಮೊಣಕಾಲು ನೋವು, ಟೆಂಟಿನಲ್ಲಿ ನೆಲದ ಮೇಲೆ ಮಲಗಿ ಏಳುವುದು ಆಗದ ಮಾತು. ವ್ಯಾನ್ ಆದರೆ ಹಾಸಿಗೆ ಇರುತ್ತದೆ, ಒಳಗೇ ಟಾಯ್ಲೆಟ್ ಇರುತ್ತದೆ, ಮಗನಿಗೆ ಹಾಲು ಬಿಸಿ ಮಾಡಬಹುದು. ನಮ್ಮ ನಲ್ಲಿಗೆ ಬರುವ ನೀರು ಪವನಾದ್ದೇ. ಅದನ್ನು ಮಗಳಿಗೆ ತೋರಿಸುವ ಆಸೆಯೂ ಇತ್ತು.

ಗಾಡಿ ಬಂದಾಗಲೇ ಎರಡು ವಿಷಯ ಸರಿ ಇರಲಿಲ್ಲ. ನಂಬರ್ ಪ್ಲೇಟ್ ಬಿಳಿ ಇತ್ತು. ಅಂದರೆ ಸ್ವಂತ ಬಳಕೆಗೆ ನೋಂದಣಿಯಾದ ಗಾಡಿಯನ್ನು ಬಾಡಿಗೆಗೆ ಬಿಟ್ಟಿದ್ದರು. ಇಂಥ ಗಾಡಿಗೆ ಅಪಘಾತವಾದರೆ ವಿಮೆಯವರು ಹಣ ಕೊಡಲ್ಲ ಅಂತ ಕೈ ಎತ್ತಬಹುದು. ಎರಡನೆಯದು ಸೀಟು. ಜಾಹೀರಾತಿನ ಫೋಟೊದಲ್ಲಿ ಮುಂದಕ್ಕೆ ಮುಖ ಮಾಡಿದ ನಾಲ್ಕು ಸೀಟು, ನಾಲ್ಕಕ್ಕೂ ಬೆಲ್ಟ್ ಇದ್ದವು. ಬಂದ ಗಾಡಿಯಲ್ಲಿ ಹಿಂದೆ ಬರೀ ಅಡ್ಡ ಬೆಂಚು. ಬೆಲ್ಟೇ ಇಲ್ಲ. ನಮ್ಮ ಕಾರಿನಿಂದ ತೆಗೆದಿಟ್ಟಿದ್ದ ಮಗನ ಸೀಟನ್ನು ಕಟ್ಟಲು ಜಾಗವೇ ಇರಲಿಲ್ಲ. 14 ವರ್ಷದೊಳಗಿನ ಮಕ್ಕಳು ಬೆಲ್ಟ್ ಇಲ್ಲವೇ ಮಕ್ಕಳ ಸೀಟಿನಲ್ಲಿ ಕೂತಿರಬೇಕು ಅಂತ 2019ರ ತಿದ್ದುಪಡಿಯಲ್ಲಿ ಕಾನೂನೇ ಇದೆ, ತಪ್ಪಿದರೆ 1,000 ರೂಪಾಯಿ ದಂಡ. ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ಹೊರಟೆ. ಕಾಮಶೇತ್ ದಾಟಿದ ಮೇಲೆ ಒಂದು ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ಬ್ರೇಕ್ ಹಾಕಿದ ಹೊಡೆತಕ್ಕೆ ಮಗಳು ಬೆಂಚಿನಿಂದ ಜಾರಿ ಸಿಂಕಿನ ಅಂಚಿಗೆ ಬಡಿದಳು. ಭುಜಕ್ಕೆ ಪೆಟ್ಟಾಯಿತು. ಸ್ವಲ್ಪ ಮೇಲಾಗಿದ್ದರೆ ತಲೆ. ಅಲ್ಲಿಂದಲೇ ತಿರುಗಿ ಹೋಗಬೇಕಿತ್ತು. ಮುಂಗಡ ಕೊಟ್ಟಿದ್ದೆವು, ಮಕ್ಕಳು ಖುಷಿಯಲ್ಲಿದ್ದರು, ಹೋಗಲಿಲ್ಲ.

ಸಂಜೆ ಬಹಳ ಚೆನ್ನಾಗಿತ್ತು. ಕೆರೆಯ ಆಚೆ ಕೋಟೆಯ ಗುಡ್ಡ ಕಾಣುತ್ತಿತ್ತು, ಮಕ್ಕಳು ಕತ್ತಲಾಗುವ ತನಕ ಕಲ್ಲು ಎಸೆದು ಆಡಿದರು. ರಾತ್ರಿ ಒಂಬತ್ತರ ಸುಮಾರಿಗೆ ಕರೆಂಟ್ ಹೋಯಿತು. ಚಳಿ ಜಾಸ್ತಿ ಇತ್ತು. ಒಳಗಿದ್ದ ಸಣ್ಣ ಹೀಟರ್ ನಿಂತಿತು. ಡ್ರೈವರ್ ಕಾಕಾ ಬಂದು ಗಾಡಿಯ ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿದ್ದ ಪೆಟ್ರೋಲ್ ಜನರೇಟರ್ ಶುರು ಮಾಡಿದರು. ಹೊಗೆ ಒಳಗೆ ಬರಲ್ವಾ ಅಂತ ನಾನು ಕೇಳಿದೆ. ‘ಧೂರ್ ಬಾಹೇರ್ ಜಾತೋ ತಾಯಿ, ಕಾಳಜಿ ನಕೋ’ ಅಂದರು. ಹೊಗೆ ಹೊರಗೆ ಹೋಗುತ್ತದೆ, ಚಿಂತೆ ಬೇಡ ಅಂತ. ಒಳಗೆ ಹೊಗೆಯೂ ಕಾಣಲಿಲ್ಲ, ವಾಸನೆಯೂ ಬರಲಿಲ್ಲ. ನಂಬಿದೆ. ಚಳಿಗೆ, ಸೊಳ್ಳೆಗೆ ಅಂತ ಕಿಟಕಿಗಳನ್ನೆಲ್ಲ ಹಾಕಿದೆ. ಚಾವಣಿಯ ಗಾಳಿಕಿಂಡಿಯನ್ನೂ ಮುಚ್ಚಿದೆ. ಮಕ್ಕಳ ಹಾಸಿಗೆ ಗಾಡಿಯ ಹಿಂಭಾಗದಲ್ಲಿತ್ತು, ನಮ್ಮದು ಮುಂದೆ.

ಒಂದೂವರೆಗೆ ಮಗಳು ಅಳುತ್ತಾ ಎದ್ದಳು. ತಲೆನೋವು ಅಂದಳು, ವಾಂತಿ ಮಾಡಿಕೊಂಡಳು. ಕ್ಯಾಂಪಿನ ಊಟ ಆಗಿಬರಲಿಲ್ಲ ಅಂದುಕೊಂಡೆವು. ಓಆರ್‌ಎಸ್ ಕುಡಿಸಿದೆ. ರಕ್ತದ ಆಮ್ಲಜನಕ ತೋರಿಸುವ, ಕೊರೋನಾ ಕಾಲದ ಆಕ್ಸಿಮೀಟರ್ ಔಷಧಿ ಚೀಲದಲ್ಲೇ ಇತ್ತು. ಬೆರಳಿಗೆ ಹಾಕಿದರೆ 98 ತೋರಿಸಿತು. ಉಸಿರಾಟಕ್ಕೆ ಏನೂ ತೊಂದರೆ ಇಲ್ಲ ಅಂತ ಸಮಾಧಾನವಾಯಿತು. ಅವಳು ಮತ್ತೆ ಮಲಗಿದಳು. ನಿದ್ದೆ ಹತ್ತಿತಲ್ಲ, ಒಳ್ಳೆಯದೇ ಆಯಿತು ಅಂದುಕೊಂಡೆ. ಆ ಮಾತನ್ನು ಈಗಲೂ ನೆನೆಸಿಕೊಳ್ಳಲು ಆಗುವುದಿಲ್ಲ.

ನಮ್ಮನ್ನು ಉಳಿಸಿದ್ದು ಅತ್ತೆಯವರು. ಅರ್ಧ ತಾಸಿನ ಮೇಲೆ ಟಾಯ್ಲೆಟ್‌ಗೆ ಅಂತ ಎದ್ದವರು ಅಲ್ಲೇ ಕುಸಿದು ಕೂತರು. ‘ತಲಿ ಒಡದಂಗ ಆಗೇತಿ, ಕಾಲಾಗ ಬಲಾನೇ ಇಲ್ಲ’ ಅಂದರು. ನಾನು ಮತ್ತೆ ಊಟದ ಮಾತೇ ತೆಗೆದೆ. ‘ನಾ ಏನ್ ಹೊರಗಿಂದು ತಿಂದೀನೇನವ್ವಾ? ಮನಿಯಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ತಿಂದೀನಿ’ ಅಂದರು. ನಮ್ಮ ಯಜಮಾನರು ದಡಕ್ಕನೆ ಎದ್ದು ಕೂತರು. ಅವರಿಗೂ ತಲೆ ಭಾರವಾಗಿತ್ತು, ನನಗೂ ಆಗಿತ್ತು. ‘ಜನರೇಟರ್’ ಅಂತ ಕೂಗಿ ಬಾಗಿಲು ತೆಗೆದರು. ಮಗನನ್ನು ಎತ್ತಿಕೊಂಡೆ. ಕುತ್ತಿಗೆ ನಿಲ್ಲಲಿಲ್ಲ. ಹೆಸರು ಹಿಡಿದು ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಂಡ.

ಪಕ್ಕದ ಟೆಂಟಿನಲ್ಲಿದ್ದ ಒಂದು ಮರಾಠಿ ಕುಟುಂಬ ಎದ್ದು ಬಂತು. ಅವರ ಕಾರಿನಲ್ಲೇ, ಕಿಟಕಿ ಎಲ್ಲ ಇಳಿಸಿಕೊಂಡು ಆಸ್ಪತ್ರೆಗೆ ಹೋದೆವು. ಅವರ ಋಣ ತೀರಿಸುವುದು ನಮ್ಮಿಂದ ಆಗದು.

ಆಸ್ಪತ್ರೆಯಲ್ಲಿ ಮೊದಲು ಎಲ್ಲರಿಗೂ ಆಮ್ಲಜನಕದ ಮಾಸ್ಕ್ ಹಾಕಿದರು. ವ್ಯಾನ್ ಒಳಗೆ ತುಂಬಿದ್ದು ಜನರೇಟರ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದಂತೆ. ಬರೀ ಹೊರಗಿನ ಗಾಳಿಯಲ್ಲಿ ಇದ್ದರೆ ರಕ್ತದಲ್ಲಿ ಸೇರಿದ್ದು ಅರ್ಧಕ್ಕೆ ಇಳಿಯಲು ನಾಲ್ಕೈದು ತಾಸು ಬೇಕು. ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ತಾಸು ಸಾಕು. ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ, ಅದಕ್ಕೇ ಅವರಿಗೆ ಬೇಗ ಏರುತ್ತದೆ. ನಾನು ಆಕ್ಸಿಮೀಟರ್‌ನ 98ರ ಬಗ್ಗೆ ಕೇಳಿದೆ. ಡಾಕ್ಟರ್ ಹೇಳಿದ್ದನ್ನು ನೀವು ದಯವಿಟ್ಟು ನೆನಪಿಡಿ. ಬೆರಳಿಗೆ ಹಾಕುವ ಆ ಸಾಮಾನ್ಯ ಮಷಿನ್‌ಗೆ ಆಮ್ಲಜನಕ ಹಿಡಿದ ರಕ್ತಕ್ಕೂ ಈ ಅನಿಲ ಹಿಡಿದ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಗು ಸಾಯುವ ಸ್ಥಿತಿಗೆ ಹೋದರೂ ಅದು ಒಳ್ಳೆಯ ಅಂಕಿಯನ್ನೇ ತೋರಿಸಬಹುದು. ಗೊತ್ತಾಗಬೇಕಾದರೆ ರಕ್ತ ಪರೀಕ್ಷೆಯೇ ಆಗಬೇಕು.

ಮಗ ಬೆಳಗಿನ ಜಾವ ಹಾಲು ಕೇಳಿದ. ಆಗ ನನಗೆ ಅಳು ಬಂತು.

ಮರುದಿನ ಯಜಮಾನರು ಹೋಗಿ ಗಾಡಿ ನೋಡಿದರು. ಜನರೇಟರ್‌ನ ಹೊಗೆ ಕೊಳವೆ ಗಾಡಿಯ ಕಡೆಗೇ ತಿರುಗಿತ್ತು. ಹಿಂದಿನ ಬಾಗಿಲಿನ ರಬ್ಬರ್ ಹರಿದಿತ್ತು. ವೈರ್ ಒಳಗೆ ತರಲು ಕೊರೆದ ತೂತು ಮಕ್ಕಳ ಹಾಸಿಗೆಯ ಪಕ್ಕದಲ್ಲೇ ಇತ್ತು, ಅದನ್ನು ಮುಚ್ಚಿರಲಿಲ್ಲ.

ಕ್ಯಾಂಪರ್ ವ್ಯಾನ್ ತಗೊಳ್ಳಲೇಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಮುಂಗಡ ಕೊಡುವ ಮೊದಲು ಆ ಗಾಡಿಯದೇ ವಿಡಿಯೊ ಕೇಳಿ. ನಂಬರ್ ಪ್ಲೇಟ್, ಸೀಟು, ಬೆಲ್ಟ್, ಗಾಡಿಯ ಹಿಂಭಾಗ, ಎಲ್ಲ ಕಾಣಬೇಕು. ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತ ಬಾಯಿ ಬಿಟ್ಟು ಕೇಳಿ. ಬ್ಯಾಟರಿ ಅಂದರೆ ಸರಿ. ಜನರೇಟರ್ ಅಂದರೆ, ಒಳಗೆ ಜನ ಮಲಗಿರುವಾಗ ಅದು ಓಡಲೇಬಾರದು. ಚಳಿ ಆದರೆ ಇನ್ನೊಂದು ಕಂಬಳಿ ಹೊದೆಯಿರಿ, ಮಕ್ಕಳಿಗೆ ಟೋಪಿ, ಕಾಲುಚೀಲ ಹಾಕಿ. ಬಾರ್ಬೆಕ್ಯೂ ಮುಗಿದ ಮೇಲೆ ಇದ್ದಿಲಿನ ಒಲೆಯನ್ನು ಬೆಚ್ಚಗಾಗಲಿ ಅಂತ ವ್ಯಾನ್ ಅಥವಾ ಟೆಂಟಿನ ಒಳಗೆ ತರುವವರನ್ನು ಅಲ್ಲೇ ನೋಡಿದೆ. ಹೊಗೆ ನಿಂತರೂ ಕೆಂಡದಿಂದ ಇದೇ ಅನಿಲ ಬರುತ್ತಿರುತ್ತದೆ. ಗ್ಯಾಸ್ ಒಲೆಯನ್ನೂ ಕಿಟಕಿ ಮುಚ್ಚಿಕೊಂಡು ಉರಿಸಬೇಡಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಅಂತ ಸಿಗುತ್ತದೆ, ಬ್ಯಾಟರಿಯಲ್ಲಿ ನಡೆಯುತ್ತದೆ. ನಿಮ್ಮದೇ ಒಂದನ್ನು ಒಯ್ಯಿರಿ. ಅಡುಗೆ ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಹೊಗೆಯ ಅಲಾರಂ ಬೇರೆ. ಅವು ಇದಕ್ಕೆ ಕೂಗುವುದಿಲ್ಲ. ಒಂದೇ ಗಾಡಿಯಲ್ಲಿ ಇಬ್ಬರಿಗೆ ಒಟ್ಟಿಗೆ ತಲೆನೋವು, ವಾಂತಿ, ಮಂಪರು ಬಂತು ಅಂದರೆ ಕಾರಣ ಹುಡುಕುತ್ತಾ ಕೂರಬೇಡಿ. ಮೊದಲು ಎಲ್ಲರೂ ಹೊರಗೆ ಬನ್ನಿ. ಆಮೇಲೆ 108ಕ್ಕೋ 112ಕ್ಕೋ ಫೋನ್ ಮಾಡಿ.

ಗಾಡಿಯ ಮಾಲೀಕರಿಗೆ ಫೋನ್ ಮಾಡಿದೆವು. ಇಷ್ಟು ದಿನ ಯಾರಿಗೂ ಆಗಿಲ್ಲ, ನಿಮಗೊಬ್ಬರಿಗೇ ಹೇಗಾಯಿತು ಅಂದರು. ಠೇವಣಿ ವಾಪಸ್ ಬರಲಿಲ್ಲ, ಅದರ ಬೇಸರ ನನಗಿಲ್ಲ. ಪೊಲೀಸರಿಗೆ ದೂರು ಬರೆದುಕೊಟ್ಟಿದ್ದೇವೆ. ಆದರೆ ಮೊನ್ನೆ ನೋಡಿದೆ, ಅದೇ ಗಾಡಿಯ ಜಾಹೀರಾತು ಇನ್ನೂ ಇದೆ. ಅದೇ ನಾಲ್ಕು ಸೀಟಿನ ಫೋಟೊ. ಕೆಳಗೆ ‘ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ’ ಅಂತ ಬರೆದಿದೆ.