ಒಂದೇ ಮ್ಯೂಆನ್, ಮೂರು ರೀಡೌಟ್: ಡಿಆರ್‌ಎಸ್4, ಸಿಟಿರಾಕ್, ಎಫ್‌ಪಿಜಿಎ ಟಿಡಿಸಿ

ಕಣಗಳನ್ನು ಹಿಡಿಯುವ ಡಿಟೆಕ್ಟರ್ ಕಟ್ಟುವವರ ನಡುವೆ ಮುಗಿಯದ ಜಗಳ ಒಂದಿದೆ: ಕಣ ಬಂದಾಗ ಹೊರಡುವ ವಿದ್ಯುತ್ ಪಲ್ಸನ್ನು ಪೂರ್ತಿ ದಾಖಲಿಸಬೇಕೋ, ಅದರ ಎತ್ತರ ಮಾತ್ರ ಸಾಕೋ, ಬಂದ ಹೊತ್ತು ಗೊತ್ತಾದರೆ ಸಾಕೋ? ಒಂದೊಂದು ಪಕ್ಷಕ್ಕೂ ಅದರದೇ ರೀಡೌಟ್, ಅಂದರೆ ಪಲ್ಸನ್ನು ಓದಿಕೊಳ್ಳುವ ಚಿಪ್ ಇದೆ. ಮೂರನ್ನೂ ಒಂದೇ ಡಿಟೆಕ್ಟರಿಗೆ ಸಿಕ್ಕಿಸಿ ನೋಡುವ ಅವಕಾಶ ಸಿಕ್ಕಿತು, ಬಿಡಲಿಲ್ಲ.

ಡಿಟೆಕ್ಟರ್ ಸಾದಾ ಸರಂಜಾಮು. 50 ಸೆಂ.ಮೀ. ಚೌಕದ, ಕಣ ಹಾಯ್ದರೆ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆಗಳು, ಅವುಗಳಲ್ಲಿ ಕೊರೆದ ತೋಡಿನಲ್ಲಿ ಅಂಟಿಸಿದ ಹಸಿರು ಫೈಬರ್, ಫೈಬರ್ ತುದಿಗೆ ಬೆಳಕನ್ನು ಪಲ್ಸಾಗಿಸುವ 3 ಮಿ.ಮೀ.ನ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್, ಅಂದರೆ ಎಸ್‌ಐಪಿಎಂ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್, ಅಂದರೆ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಕಣ, ಬೀಳುತ್ತದೆ. ಆ ಲೆಕ್ಕದಲ್ಲಿ ಒಂದು ಹಲಗೆಗೆ ಸೆಕೆಂಡಿಗೆ ನಲವತ್ತರ ಆಸುಪಾಸು. ಎಲೆಕ್ಟ್ರಾನಿಕ್ಸಿಗೆ ಇದು ಏನೇನೂ ಅಲ್ಲ. ಕಷ್ಟ ಇರುವುದು ಬೇರೆ ಕಡೆ: ಕತ್ತಲಲ್ಲಿ ಸುಮ್ಮನಿಟ್ಟರೂ ಈ ಗಾತ್ರದ ಎಸ್‌ಐಪಿಎಂ ಕೋಣೆಯ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 5 ಲಕ್ಷ ಸಲ ತಾನಾಗಿಯೇ ಪಲ್ಸ್ ಕೊಡುತ್ತದೆ. ಆ ಗದ್ದಲದಿಂದ ನಲವತ್ತನ್ನು ಹೆಕ್ಕಬೇಕು. ಅದಕ್ಕೆ ಎರಡು ಹಲಗೆ ಮೇಲೆ ಕೆಳಗೆ ಇಟ್ಟು, ಎರಡರಲ್ಲೂ ಒಟ್ಟಿಗೆ ಬಂದದ್ದನ್ನು ಮಾತ್ರ ನಂಬುವುದು ಹಳೆಯ ಉಪಾಯ. ಕೋಲಾರದ ಚಿನ್ನದ ಗಣಿಯಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಸುಳಿವು ಹಿಡಿದವರೂ ಸಿಂಟಿಲೇಟರ್‌ಗಳನ್ನೇ ಟ್ರಿಗರ್, ಅಂದರೆ ದಾಖಲಿಸಲು ಸನ್ನೆ, ಮಾಡಿಕೊಂಡಿದ್ದರು. ಜಾಡು ತೋರಿಸುತ್ತಿದ್ದ ನಿಯಾನ್ ಫ್ಲ್ಯಾಶ್ ಟ್ಯೂಬುಗಳ ರೀಡೌಟ್ ಮಾತ್ರ ಕ್ಯಾಮೆರಾ ಮತ್ತು ಫಿಲ್ಮು!

ಮೊದಲು ಡಿಆರ್‌ಎಸ್4. ಸ್ವಿಟ್ಜರ್ಲೆಂಡಿನ ಪಾಲ್ ಷೆರರ್ ಇನ್‌ಸ್ಟಿಟ್ಯೂಟಿನವರು ತಮ್ಮ ಎಂಇಜಿ ಪ್ರಯೋಗಕ್ಕೆ ಮಾಡಿಕೊಂಡ ಚಿಪ್ ಇದು. ಒಂದು ಚಾನೆಲ್‌ಗೆ 1024 ಪುಟ್ಟ ಕೆಪಾಸಿಟರ್‌ಗಳು ಸುತ್ತು ಹಾಕುತ್ತಾ ಸಿಗ್ನಲ್ಲನ್ನು ಹಿಡಿದಿಡುತ್ತವೆ, ಹೆಚ್ಚೆಂದರೆ ಸೆಕೆಂಡಿಗೆ 500 ಕೋಟಿ ಸ್ಯಾಂಪಲ್. ಟ್ರಿಗರ್ ಬಂದಾಗ ಸುತ್ತು ನಿಲ್ಲುತ್ತದೆ. ಕೊನೆಯ 200 ನ್ಯಾನೋಸೆಕೆಂಡಿನ ಚಿತ್ರ ಕೆಪಾಸಿಟರ್‌ಗಳಲ್ಲಿ ನಿಂತಿರುತ್ತದೆ, ಅದನ್ನು 33 ಮೆಗಾಹರ್ಟ್ಸ್‌ನ ನಿಧಾನ ಗತಿಯಲ್ಲಿ ವೋಲ್ಟೇಜನ್ನು ಅಂಕಿಯಾಗಿಸುವ ಮಾಮೂಲಿ ಎಡಿಸಿ ಓದಿಕೊಳ್ಳುತ್ತದೆ. ಓದುವ ಆ 31 ಮೈಕ್ರೋಸೆಕೆಂಡು ಚಿಪ್ ಕುರುಡು. ಮ್ಯೂಆನಿಗೆ ಪರವಾಗಿಲ್ಲ, ಆಕ್ಸಿಲರೇಟರಿನ ಕಿರಣಪುಂಜದ ಮುಂದೆ ಇಟ್ಟರೆ ಯೋಚಿಸಬೇಕು.

ಕ್ಯಾಲಿಬ್ರೇಶನ್ ಮಾಡದೆ ಈ ಚಿಪ್ ಬಳಸುವುದರಲ್ಲಿ ಅರ್ಥವಿಲ್ಲ. ಪ್ರತಿ ಸೆಲ್ಲಿನ, ಅಂದರೆ ಕೆಪಾಸಿಟರಿನ, ವೋಲ್ಟೇಜ್ ಆಫ್‌ಸೆಟ್ ಬೇರೆ, ಅದು ಹಿಡಿಯುವ ಕಾಲದ ಅಗಲವೂ ಬೇರೆ. ಇವ್ಯಾಲ್ಯುಯೇಶನ್ ಬೋರ್ಡಿನ ಸಾಫ್ಟ್‌ವೇರಲ್ಲೇ ಅದಕ್ಕೆ ವ್ಯವಸ್ಥೆ ಇದೆ, ಬೋರ್ಡು ಬಿಸಿಯಾಗಿ ಸ್ಥಿರವಾದ ಮೇಲೆ ಮಾಡಿಕೊಂಡರೆ ಆಯಿತು.

ಸಿಟಿರಾಕ್ ತದ್ವಿರುದ್ಧ ಸ್ವಭಾವದ್ದು. ಫ್ರಾನ್ಸಿನ ಎಕೋಲ್ ಪಾಲಿಟೆಕ್ನಿಕ್‌ನ ಒಮೆಗಾ ಲ್ಯಾಬಿನ ವಂಶದ್ದು, ವೀರಾಕ್ ಕಂಪನಿ ಮಾರುತ್ತದೆ, ಎಸ್‌ಐಪಿಎಂಗೆಂದೇ ಹುಟ್ಟಿದ ಚಿಪ್. ಒಂದರಲ್ಲಿ 32 ಚಾನೆಲ್. ಒಳಗೆ ಬಂದ ಪಲ್ಸನ್ನು ಶೇಪರ್ ಮೂಲಕ ದುಂಡಗೆ ಮಾಡಿ, ಅದರ ತುದಿಯ ಎತ್ತರವನ್ನು ಹಿಡಿದಿಟ್ಟು, 32 ಚಾನೆಲ್‌ಗಳನ್ನೂ ಒಂದರ ಹಿಂದೆ ಒಂದಾಗಿ ಹೊರಗೆ ಕಳಿಸುತ್ತದೆ. ಪಲ್ಸಿನ ಆಕಾರ ಅಲ್ಲಿಗೇ ಹೋಯಿತು.

ಲೆಕ್ಕ ಹಾಕಿ ನೋಡಿ. ಡಿಆರ್‌ಎಸ್4ರ ನಾಲ್ಕು ಚಾನೆಲ್ಲಿನ ಒಂದು ಈವೆಂಟಿಗೆ 8 ಕಿಲೋಬೈಟ್. ಸಿಟಿರಾಕ್‌ನಲ್ಲಿ 32 ಚಾನೆಲ್ಲಿನ ಹೈ ಗೇನ್, ಲೋ ಗೇನ್ (ಹೆಚ್ಚು, ಕಡಿಮೆ ವರ್ಧನೆ) ಎರಡೂ ಸೇರಿ 128 ಬೈಟ್. ಬಂದ ಹೊತ್ತನ್ನು ಅಂಕಿಯಾಗಿಸುವ ಟಿಡಿಸಿಯಲ್ಲಿ ಒಂದು ಹಿಟ್‌ಗೆ ನಾಲ್ಕೋ ಎಂಟೋ ಬೈಟು. ಚಿಪ್ ಅಂದರೆ ಯಾವ ಮಾಹಿತಿಯನ್ನು ಎಸೆಯಬಹುದು ಅನ್ನುವುದರ ಬಗ್ಗೆ ಮೊದಲೇ ಮಾಡಿ ಮುಗಿಸಿದ ತೀರ್ಮಾನ. ಎಸೆದದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ.

ಆದರೂ ನನಗೆ ಸಿಟಿರಾಕ್ ಇಷ್ಟವಾಗಲು ಕಾರಣ ಅದರ ಇನ್‌ಪುಟ್ಟಿನಲ್ಲಿ ಕೂತಿರುವ ಅಂಕಿಯನ್ನು ವೋಲ್ಟೇಜಾಗಿಸುವ 8 ಬಿಟ್ಟಿನ ಚಿಕ್ಕ ಡಿಎಸಿ. ಹಮಾಮಾತ್ಸುವಿನ ಎಸ್13360 ಸರಣಿಯ ಎಸ್‌ಐಪಿಎಂ ತೆಗೆದುಕೊಂಡರೆ ಬ್ರೇಕ್‌ಡೌನ್ ವೋಲ್ಟೇಜ್, ಅಂದರೆ ಅದು ಪಲ್ಸ್ ಕೊಡಲು ಶುರುಮಾಡುವ ಮಟ್ಟ, 53 ವೋಲ್ಟು, ಹೆಚ್ಚು ಕಡಿಮೆ 5 ಎಂದು ಡೇಟಾಶೀಟೇ ಹೇಳುತ್ತದೆ. ಕೆಲಸ ಮಾಡಿಸುವುದು ಅದಕ್ಕಿಂತ ಸುಮಾರು 3 ವೋಲ್ಟ್ ಮೇಲೆ. ಹಾಗಿದ್ದಾಗ 32ಕ್ಕೂ ಒಂದೇ ಬಯಾಸ್ (ಕೆಲಸದ ವೋಲ್ಟೇಜ್) ಸಪ್ಲೈ ಕೊಟ್ಟರೆ ಒಂದು ಕಿರುಚುತ್ತದೆ, ಇನ್ನೊಂದು ಪಿಸುಗುಟ್ಟುತ್ತದೆ. ಈ ಡಿಎಸಿಯಿಂದ ಒಂದೊಂದು ಚಾನೆಲ್ಲಿನ ಬಯಾಸನ್ನೂ ಬೇರೆ ಬೇರೆ ತಿದ್ದಬಹುದು. ಉಷ್ಣತೆಯ ಕಾಟವೂ ಇದೆ: ಒಂದು ಡಿಗ್ರಿ ಏರಿದರೆ ಬ್ರೇಕ್‌ಡೌನ್ 54 ಮಿಲಿವೋಲ್ಟ್ ಏರುತ್ತದೆ. ನಮ್ಮಲ್ಲಿ ಸಂಜೆ ಎಸಿ ನಿಲ್ಲಿಸುತ್ತಾರೆ. ಐದು ಡಿಗ್ರಿ ಏರಿದರೆ 270 ಮಿಲಿವೋಲ್ಟ್, ಅಂದರೆ 3 ವೋಲ್ಟಿನ ಮೇಲೆ ಗೇನ್ ಶೇ. 9ರಷ್ಟು ಇಳಿಯಿತು. ರಾತ್ರಿ ತೆಗೆದ ಡೇಟಾದಲ್ಲಿ ಮ್ಯೂಆನ್ ಶಿಖರ ಎಡಕ್ಕೆ ಸರಿದಿರುವುದು ಕಣ್ಣಿಗೇ ಕಾಣುತ್ತದೆ. ಡಿಆರ್‌ಎಸ್4 ಕೂಡ ಇದನ್ನು ತೋರಿಸುತ್ತದೆ, ಆದರೆ ತಿದ್ದುವ ಹಿಡಿಕೆ ಅದರ ಕೈಯಲ್ಲಿಲ್ಲ.

ಇನ್ನು ಫಿಂಗರ್ ಸ್ಪೆಕ್ಟ್ರಮ್: ಒಂದು ಫೋಟಾನ್, ಎರಡು, ಮೂರು ಎಂದು ಬೆರಳುಗಳ ಹಾಗೆ ಬಿಡಿಬಿಡಿಯಾಗಿ ನಿಲ್ಲುವ ಶಿಖರಗಳು. ಸಿಟಿರಾಕ್‌ನ ಹೈ ಗೇನ್‌ನಲ್ಲಿ ಹೆಚ್ಚು ಒದ್ದಾಡದೆ ಸಿಕ್ಕಿತು. ಎರಡು ಬೆರಳಿನ ನಡುವಿನ ಅಂತರವೇ ಗೇನ್. ಕ್ಯಾಲಿಬ್ರೇಶನ್ನಿಗೆ ಬೇರೆ ಉಪಕರಣ ಬೇಡ. ಅದಕ್ಕೆ ತೆರಬೇಕಾದ ಬೆಲೆ ಸ್ಲೋ ಕಂಟ್ರೋಲ್. ಥ್ರೆಶೋಲ್ಡ್ (ಪಲ್ಸೆಂದು ಎಣಿಸಲು ದಾಟಬೇಕಾದ ಮಟ್ಟ), ಗೇನ್, ಶೇಪಿಂಗ್ ಟೈಮ್, ಡಿಎಸಿ ಎಲ್ಲವೂ ಸೇರಿ 1144 ಬಿಟ್ಟಿನ ಒಂದೇ ಸಾಲು, ಒಂದರ ಹಿಂದೆ ಒಂದನ್ನು ಚಿಪ್ಪಿನೊಳಗೆ ತಳ್ಳಬೇಕು. ನಡುವೆ ಒಂದು ಬಿಟ್ ಹೆಚ್ಚಾದರೂ ಅದರ ಮುಂದಿನದೆಲ್ಲ ಒಂದು ಮನೆ ಸರಿದು ಕೂರುತ್ತದೆ. ಚಿಪ್ ದೂರು ಹೇಳುವುದಿಲ್ಲ, ತಪ್ಪು ಸೆಟ್ಟಿಂಗಿನಲ್ಲೇ ಶಿಸ್ತಾಗಿ ಕೆಲಸ ಮಾಡುತ್ತದೆ. ಸಾಲನ್ನು ಎರಡು ಸಲ ತಳ್ಳಿ, ಎರಡನೇ ಸಲ ಹೊರಬರುವ ಬಿಟ್‌ಗಳನ್ನು ಮೊದಲಿನದರ ಜೊತೆ ತಾಳೆ ನೋಡುವುದು ಒಳ್ಳೆಯ ಅಭ್ಯಾಸ.

ಮೂರನೆಯದು ಎಫ್‌ಪಿಜಿಎ ಟಿಡಿಸಿ. ಇಲ್ಲಿ ಡಿಟೆಕ್ಟರಿಗೆಂದು ಮಾಡಿದ ಚಿಪ್ಪೇ ಇಲ್ಲ. ಮುಂದೆ ಒಂದು ಆಂಪ್ಲಿಫೈಯರ್, ಹಿಂದೆ ಮಾಮೂಲಿ ಎಫ್‌ಪಿಜಿಎ, ಅಂದರೆ ಒಳಗಿನ ಲಾಜಿಕ್ಕನ್ನು ನಾವೇ ಬರೆದು ಜೋಡಿಸಬಹುದಾದ ಚಿಪ್. ಎರಡು ವೋಲ್ಟೇಜ್ ಹೋಲಿಸುವ ಕಂಪ್ಯಾರೇಟರ್ ಕೂಡ ಬೇಕಿಲ್ಲ. ಎಫ್‌ಪಿಜಿಎಯ ಎಲ್‌ವಿಡಿಎಸ್ ಎಂಬ ಎರಡು ಕಾಲಿನ ಇನ್‌ಪುಟ್ಟಿನ ಒಂದು ಕಾಲಿಗೆ ಸಿಗ್ನಲ್, ಇನ್ನೊಂದಕ್ಕೆ ಥ್ರೆಶೋಲ್ಡ್ ವೋಲ್ಟೇಜ್ ಕೊಟ್ಟರೆ ಅದೇ ಕಂಪ್ಯಾರೇಟರ್. ಜರ್ಮನಿಯ ಜಿಎಸ್‌ಐ ಸಂಶೋಧನಾ ಕೇಂದ್ರದವರು ಇದೇ ಉಪಾಯದ ಮೇಲೆ ಇಡೀ ಬೋರ್ಡುಗಳ ಕುಟುಂಬವನ್ನೇ ಕಟ್ಟಿದ್ದಾರೆ.

ಹೊತ್ತು ಅಳೆಯುವುದು ಕ್ಯಾರಿ ಚೈನಿನಿಂದ. ಎರಡು ಸಂಖ್ಯೆ ಕೂಡುವಾಗ ದಶಕ ದಾಟಿಸಲು ಎಫ್‌ಪಿಜಿಎಯೊಳಗೆ ಇಟ್ಟಿರುವ ವೇಗದ ತಂತಿಸಾಲು ಅದು. ಪಲ್ಸನ್ನು ಅದರಲ್ಲಿ ಓಡಲು ಬಿಟ್ಟು, ಕ್ಲಾಕ್ ಬಡಿದಾಗ ಎಷ್ಟು ದೂರ ಓಡಿದೆ ಎಂದು ನೋಡುವುದು. ಒಂದು ಹೆಜ್ಜೆ ಸರಾಸರಿ ಹತ್ತಿಪ್ಪತ್ತು ಪಿಕೋಸೆಕೆಂಡು, ಆದರೆ ಸರಾಸರಿ ಮಾತ್ರ. ಹಳೇ ಮನೆಯ ಮೆಟ್ಟಿಲ ಹಾಗೆ ಒಂದು ಎತ್ತರ, ಒಂದು ತಗ್ಗು. ಒಂದು ಲಾಜಿಕ್ ಬ್ಲಾಕಿನಿಂದ ಇನ್ನೊಂದಕ್ಕೆ ದಾಟುವಲ್ಲಿ ಹೆಜ್ಜೆ ದೊಡ್ಡದು. ಎಲ್ಲ ಹೆಜ್ಜೆಗಳನ್ನೂ ಅಳೆಯಲು ಕ್ಲಾಕಿಗೆ ಸಂಬಂಧವೇ ಇಲ್ಲದ ಪಲ್ಸ್‌ಗಳನ್ನು ಲಕ್ಷಗಟ್ಟಲೆ ಸುರಿಯಬೇಕು. ಯಾವ ಹೆಜ್ಜೆಗೆ ಹೆಚ್ಚು ಬಿತ್ತೋ ಅದು ಅಗಲ. ಅಂಥ ಪಲ್ಸ್ ಎಲ್ಲಿಂದ ತರುವುದು? ಎಸ್‌ಐಪಿಎಂ ಕತ್ತಲಲ್ಲಿ ಸುಮ್ಮನೆ ಉದುರಿಸುವ ಆ 5 ಲಕ್ಷ ಇದೆಯಲ್ಲ, ಅದೇ! ಇಲ್ಲಿ ಮಾತ್ರ ಆ ಗದ್ದಲ ಕೆಲಸಕ್ಕೆ ಬಂತು.

ಕೋಡನ್ನು ಎಫ್‌ಪಿಜಿಎಯ ಲಾಜಿಕ್ಕಾಗಿಸುವ ಸಿಂಥೆಸಿಸ್ ಟೂಲ್ ಇದನ್ನು ಕಂಡರೆ ಸುಮ್ಮನಿರುವುದಿಲ್ಲ ಅನ್ನುವುದು ತಿಳಿದಿರಲಿ. ಕೆಲಸಕ್ಕೆ ಬಾರದ ಲಾಜಿಕ್ ಎಂದು ಇಡೀ ಚೈನನ್ನು ಅಳಿಸಿಹಾಕುತ್ತದೆ. ಅಳಿಸಬೇಡ ಎಂದು ಕೋಡಿನಲ್ಲೇ ಬರೆದು, ಜಾಗವನ್ನೂ ಕೈಯಾರೆ ಗೊತ್ತುಮಾಡಬೇಕು. ಜಾಗ ಬದಲಾದರೆ ಹೆಜ್ಜೆಗಳ ಅಳತೆಯನ್ನು ಮತ್ತೆ ಮಾಡಬೇಕು.

ಈ ವಿಧಾನದಲ್ಲಿ ಪಲ್ಸಿನ ದೊಡ್ಡತನ ಗೊತ್ತಾಗುವುದು ಅದು ಥ್ರೆಶೋಲ್ಡಿನ ಮೇಲೆ ಎಷ್ಟು ಹೊತ್ತು ಇತ್ತು ಎಂಬುದರಿಂದ. ಅದರ ಗ್ರಾಫು ನಮ್ಮಲ್ಲಿ ವಿಚಿತ್ರವಾಗಿ ಬಂತು: ಎರಡು ಗುಡ್ಡ, ನಡುವೆ ಖಾಲಿ. ಮ್ಯೂಆನ್‌ಗಳಲ್ಲಿ ಎರಡು ಜಾತಿ ಇರಲು ಸಾಧ್ಯವಿಲ್ಲವಲ್ಲ. ಅದೇ ಹಲಗೆಯನ್ನು ಡಿಆರ್‌ಎಸ್4ಕ್ಕೆ ಸಿಕ್ಕಿಸಿದ ತಕ್ಷಣ ಕಾರಣ ಸಿಕ್ಕಿತು. ಮುಖ್ಯ ಪಲ್ಸಿನ 20 ನ್ಯಾನೋಸೆಕೆಂಡ್ ಹಿಂದೆ ಅದರದೇ ಮರಿ. ಎರಡು ಮೀಟರ್ ಕೇಬಲ್ಲಿನಲ್ಲಿ ಹೋಗಿ ಬರಲು ಸಿಗ್ನಲ್ಲಿಗೆ ಬೇಕಾಗುವುದು ಸರಿಯಾಗಿ ಅಷ್ಟೇ ಹೊತ್ತು. ತುದಿಯಲ್ಲಿ ಟರ್ಮಿನೇಶನ್ (ಸಿಗ್ನಲ್ಲನ್ನು ಹೀರುವ ರೆಸಿಸ್ಟರ್) ಹೊಂದದೆ ಪ್ರತಿಫಲನ ಆಗುತ್ತಿತ್ತು. ಸಣ್ಣ ಪಲ್ಸಿನ ಮರಿ ಥ್ರೆಶೋಲ್ಡ್ ದಾಟುವುದಿಲ್ಲ. ದೊಡ್ಡದರದು ದಾಟುತ್ತದೆ, ಆಗ ಅಗಲ ಒಮ್ಮೆಲೇ ಜಿಗಿಯುತ್ತದೆ. ಸಿಟಿರಾಕ್ ಏನು ಹೇಳಿತ್ತು? ಏನೂ ಇಲ್ಲ. ಶೇಪರ್ ಮರಿಯನ್ನೂ ತಾಯಿಯ ಜೊತೆ ಸೇರಿಸಿ ನುಣುಪಾದ ಒಂದೇ ಗುಡ್ಡ ಕೊಟ್ಟಿತ್ತು. ಅದನ್ನೊಂದೇ ನಂಬಿ ಕೂತಿದ್ದರೆ ಅಳತೆ ಸ್ವಲ್ಪ ತಪ್ಪಿದೆ ಎಂಬ ಅನುಮಾನವೂ ಬರುತ್ತಿರಲಿಲ್ಲ. ಹಾಗಾಗಿ ಹೊಸ ಡಿಟೆಕ್ಟರನ್ನು ಮೊದಲು ವೇವ್‌ಫಾರ್ಮ್ ತೋರಿಸುವ ಬೋರ್ಡಿನಲ್ಲಿ ನೋಡದೆ ಬೇರೆ ಯಾವುದಕ್ಕೂ ಸಿಕ್ಕಿಸಬಾರದು ಅನ್ನುವುದು ಈಗ ನನ್ನ ಹಟ.

ಪಿಕೋಸೆಕೆಂಡಿನ ವಿಷಯಕ್ಕೆ ಬಂದರೆ, ಈ ಹಲಗೆಗೆ ಅದು ದುಂದು. ಹಸಿರು ಫೈಬರ್ ಬೆಳಕನ್ನು ಹೀರಿ ಮತ್ತೆ ಉಗುಳಲು ಏಳೆಂಟು ನ್ಯಾನೋಸೆಕೆಂಡಿನ ಕಾಲಮಾನ ಹಿಡಿಯುತ್ತದೆ. ಡಿಟೆಕ್ಟರೇ ನ್ಯಾನೋಸೆಕೆಂಡಿನಲ್ಲಿ ತಡವರಿಸುವಾಗ ಹಿಂದೆ 15 ಪಿಕೋಸೆಕೆಂಡಿನ ಟಿಡಿಸಿ ಇಟ್ಟು ಹೆಮ್ಮೆ ಪಡುವುದರಲ್ಲಿ ಹುರುಳಿಲ್ಲ. ಕ್ಯಾರಿ ಚೈನ್ ತೆಗೆದು, ಕ್ಲಾಕನ್ನೇ ನಾಲ್ಕು ಹಂತಗಳಾಗಿ ಸೀಳಿ ಒಂದು ನ್ಯಾನೋಸೆಕೆಂಡಿನ ಟಿಡಿಸಿ ಮಾಡಿದರೂ ಫಲಿತಾಂಶ ಬದಲಾಗದು. ಯುರೋಪಿನ ಸರ್ನ್ ಲ್ಯಾಬಿನ ಆಲಿಸ್ ಪ್ರಯೋಗದ ಟೈಮ್ ಆಫ್ ಫ್ಲೈಟ್ ಡಿಟೆಕ್ಟರಿನ ಕಥೆ ಬೇರೆ. ಅಲ್ಲಿನ ಮಲ್ಟಿಗ್ಯಾಪ್ ಆರ್‌ಪಿಸಿ (ಅನಿಲ ತುಂಬಿದ ಡಿಟೆಕ್ಟರ್) ನಿಜಕ್ಕೂ ವೇಗದ್ದು, ಅದಕ್ಕೆಂದೇ ಸರ್ನ್‌ನಲ್ಲಿ ಎಂಟು ಚಾನೆಲ್ಲಿನ ನೀನೋ ಚಿಪ್ ಮಾಡಿ, ಹಿಂದೆ 25 ಪಿಕೋಸೆಕೆಂಡಿನ ಎಚ್‌ಪಿಟಿಡಿಸಿ ಇಟ್ಟರು.

"ಹಾಗಾದರೆ ನಮ್ಮದೇ ಚಿಪ್ ಯಾಕೆ ಮಾಡಬಾರದು ಸಾರ್?" ಎಂದು ಹೊಸದಾಗಿ ಸೇರಿದ ಹುಡುಗರು ಕೇಳುತ್ತಾರೆ. ಮಾಡಬಹುದು, ಭಾರತದಲ್ಲೇ ಮಾಡಿದ್ದಾರೆ. ಆಲಿಸ್‌ನ ಮ್ಯೂಆನ್ ಚೇಂಬರುಗಳಿಗೆ ಕೋಲ್ಕತ್ತದ ಸಾಹಾ ಇನ್‌ಸ್ಟಿಟ್ಯೂಟಿನವರು 16 ಚಾನೆಲ್ಲಿನ ಮಾನಸ್ ಚಿಪ್ ರೂಪಿಸಿದರು, ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸಿನಲ್ಲಿ ಅದು ತಯಾರಾಯಿತು. ಭಾರತದ ನ್ಯೂಟ್ರಿನೋ ವೀಕ್ಷಣಾಲಯ ಯೋಜನೆ ಐಎನ್‌ಒದ ಆರ್‌ಪಿಸಿಗಳಿಗೆಂದು ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು (ಬಾರ್ಕ್) ಅನುಸ್ಪರ್ಶ್ ಮಾಡಿದರು. ಆದರೆ ಮಾನಸ್ ಓದಿದ್ದು ಹತ್ತು ಲಕ್ಷಕ್ಕೂ ಮಿಕ್ಕ ಚಾನೆಲ್. ಚಿಪ್ ಅಚ್ಚು ಹಾಕಲು ಬೇಕಾದ ಮಾಸ್ಕಿನ ಖರ್ಚನ್ನು ಅಷ್ಟಕ್ಕೆ ಹಂಚಿದರೆ ಚಾನೆಲ್ಲಿಗೆ ಬೀಳುವುದು ಪುಡಿಗಾಸು. ನಮ್ಮ ಅರವತ್ತನಾಲ್ಕು ಚಾನೆಲ್ಲಿಗೆ ಹಂಚಿದರೆ ಲ್ಯಾಬೇ ಮಾರಬೇಕು. ವಿಕಿರಣ ಇರುವ ಕಡೆ ಕೊಂಡು ತಂದ ಎಫ್‌ಪಿಜಿಎ ತಾಳುವುದಿಲ್ಲ, ಡಿಟೆಕ್ಟರಿನ ಹೊಟ್ಟೆಯೊಳಗೆ ಪವರ್‌ಗೂ ಜಾಗಕ್ಕೂ ತತ್ವಾರ. ಅಂಥಲ್ಲಿ ಸ್ವಂತ ಚಿಪ್ ಬಿಟ್ಟರೆ ಗತಿಯಿಲ್ಲ. ಬೆಂಚಿನ ಮೇಲೆ ಹಾಗಲ್ಲ.

ಈಗ ಕಟ್ಟುತ್ತಿರುವ 64 ಚಾನೆಲ್ಲಿನ ಮ್ಯೂಆನ್ ಟೆಲಿಸ್ಕೋಪಿಗೆ ನಾನು ಸಿಟಿರಾಕ್ ಆರಿಸಿದ್ದೇನೆ, ಎರಡು ಚಿಪ್ಪಿನಲ್ಲಿ ಕೆಲಸ ಮುಗಿಯುತ್ತದೆ. ಡಿಆರ್‌ಎಸ್4 ಬೋರ್ಡು ಪಕ್ಕದಲ್ಲೇ ಇರುತ್ತದೆ, ಅನುಮಾನ ಬಂದ ಚಾನೆಲನ್ನು ಕಿತ್ತು ಅದಕ್ಕೆ ಸಿಕ್ಕಿಸಲು. ನೀವೂ ಸಿದ್ಧ ಬೋರ್ಡು ಕೊಳ್ಳುವುದಾದರೆ ಬೆಲೆ ಕೇಳುವುದಕ್ಕೆ ಮೊದಲು ಒಂದು ಪ್ರಶ್ನೆ ಕೇಳಿ: ಫರ್ಮ್‌ವೇರಿನ ಸೋರ್ಸ್ ಕೊಡುತ್ತೀರಾ? ಕೊಡುವುದಿಲ್ಲ ಅಂದರೆ ಕೊಇನ್ಸಿಡೆನ್ಸಿನ ಕಿಟಕಿಯನ್ನು, ಅಂದರೆ ಎರಡು ಪಲ್ಸ್ ಒಟ್ಟಿಗೆ ಬಂದವೆಂದು ಎಣಿಸುವ ಅವಧಿಯನ್ನು, ಹತ್ತು ನ್ಯಾನೋಸೆಕೆಂಡ್ ಬದಲಿಸಲೂ ಅವರಿಗೆ ಮೇಲ್ ಬರೆದು ಕಾಯಬೇಕು.